ಕೈಗೆ ಬಾರದ ಕಾಗದ

ಮುನ್ಷಿಯವರ ಬಲಗೈಯ ಎರಡು ಬೆರಳು ಯಾವಾಗಲೂ ನೀಲಿ. ಆಳಂದದ ತಹಶೀಲ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವುದು ಅವರ ಕಸುಬು. ಊರವರ ಹೆಬ್ಬೆಟ್ಟು ಹಿಡಿದು ಒತ್ತಿಸಿ ಒತ್ತಿಸಿ ಶಾಯಿ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಯಾರು ಯಾವ ಕಾಗದ ತಂದರೂ ಮೊದಲು ಅದರ ಬೆನ್ನು ತಿರುಗಿಸಿ ನೋಡುವರು. "ಮಾರಿ ಎಲ್ಲಾರೂ ತೋರಸ್ತಾರ, ಬೆನ್ನು ನಾವೇ ನೋಡಬೇಕು," ಎನ್ನುವರು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಅದು. ಗದ್ದಲಕ್ಕೆ ಹೆದರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದ ನನ್ನ ಗಂಡ ಅಲ್ಲಿಯೇ ಜ್ವರ ಬಂದು ತೀರಿಕೊಂಡರು. ನನಗೆ ಉಳಿದದ್ದು ಎರಡು ವರ್ಷದ ಮಗಳು, ಟ್ರಂಕಿನೊಳಗೆ ಒಂದು ಪ್ರೋನೋಟು. ತೊಗರಿ ವ್ಯಾಪಾರಿಯೊಬ್ಬರು ನನ್ನ ಗಂಡನಿಂದ ಸಾಲ ಪಡೆದು ಬರೆದುಕೊಟ್ಟದ್ದು. ಆ ಹಣ ಬಂದರೆ ವರ್ಷದ ಜೋಳ, ಬರದಿದ್ದರೆ ತವರಿನಲ್ಲಿ ಅತ್ತಿಗೆಯ ಕೈಕೆಳಗೆ ಚಾಕರಿ.

ವ್ಯಾಪಾರಿ ನೋಟು ನೋಡಿ ಹಿಂದಕ್ಕೆ ಕೊಟ್ಟರು. "ಹಿಂದ ಬ್ಯಾರೆ ಹೆಸರು ಬರದದರಿ. ನಿಮಗ ಕೊಟ್ಟು, ನಾಳೆ ಅವ್ರು ಬಂದ್ರ ಮತ್ತ ಕೊಡ್ಲೇನ್ರಿ? ಮುನ್ಷೀರ ಕಡೆ ಓದಸ್ರಿ."

ಮುನ್ಷಿಯವರು ಬೆನ್ನು ತಿರುಗಿಸಿ ಬಹಳ ಹೊತ್ತು ನೋಡಿದರು. "ನಿನ್ನ ಗಂಡ ಇದನ್ನ ನನ್ನ ಹೆಸರಿಗಿ ಮಾಡ್ಯಾನವ್ವಾ," ಎಂದರು.

ಕಾಗದ ಉರ್ದುವಿನಲ್ಲಿತ್ತು, ನನಗೆ ಉರ್ದು ಬಾರದು. ಅವರು ಯಾರ ಹೆಸರು ಹೇಳಿದ್ದರೂ ನಂಬುತ್ತಿದ್ದೆ. ಅದು ಆಗ ಹೊಳೆಯಲಿಲ್ಲ. ಕಚೇರಿಯ ಮುಂದೆಯೇ ಬಾಯಿಗೆ ಬಂದಂತೆ ಬೈದೆ. "ಗಂಡ ಸತ್ತಾಕಿ ರೊಟ್ಟಿ ಕಸಗೊಳ್ಳಾಕ ಕುಂತೀಯೇನು? ನಿನ್ನ ಕೈ ಸೇದಿ ಬಿದ್ದುಹೋಗ್ಲಿ" ಎಂದೂ ಅಂದೆ. ಜನ ಸೇರಿದರು. ಅವರು ಬೆರಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತ, ನಾನು ದಣಿಯುವ ತನಕ ಕಾದರು.

"ಬರದ್ರ ಕೊಟ್ಟಂಗಲ್ಲವ್ವಾ. ಕೈಗಿ ಇಟ್ರ ಕೊಟ್ಟಂಗ," ಎಂದರು. "ಇದು ನನ್ನ ಕೈಗಿ ಬಂದಿಲ್ಲ. ಅವ ಬರದು, ನಿನ್ನ ಟ್ರಂಕಿನ್ಯಾಗ ಬಿಟ್ಟು ಹೋಗ್ಯಾನ. ಹಕ್ಕು ನಿಂದು, ಅವನ ವಾರಸದಾರಳದು."

ಬೆನ್ನಿನ ಆ ಹೆಸರಿನ ಕೆಳಗೆ, ಈ ಕಾಗದ ತನಗೆ ಮುಟ್ಟಿಲ್ಲ, ತನಗೆ ಹಕ್ಕಿಲ್ಲ ಎಂದು ಬರೆದು ಸಹಿ ಮಾಡಿ, ನನಗೆ ಎರಡು ಸಲ ಓದಿ ಹೇಳಿದರು. ಕೂಲಿ ತಗೊಳ್ಳಲಿಲ್ಲ.

ವ್ಯಾಪಾರಿ ಹಣ ಕೊಡುವಾಗ ಅಂದರು: "ನಿಮ್ಮ ಯಜಮಾನ್ರಿಗಿ ಗಡಿ ದಾಟಾಕ ಖರ್ಚಿಗಿ ಕೊಟ್ಟಾವ್ರು ಮುನ್ಷೀರೇ. ಅದನ್ನ ತೀರಸಾಕ ಅವ್ರ ಹೆಸರಿಗಿ ಬರದಿದ್ರು. ಅವ್ರ ಬಾಯಿಲೇ ಬರಲಿ ಅಂತ ನಾ ಅವತ್ತ ಹೇಳಲಿಲ್ಲ."

ಆ ವರ್ಷ ಗದ್ದಲದಿಂದ ಅರ್ಜಿ ಬರೆಸಲು ಜನವೇ ಬರುತ್ತಿರಲಿಲ್ಲ. ಮುನ್ಷಿಯವರ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತಿತ್ತೆಂದು ಓಣಿಗೆಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಮುಖ ತೋರಿಸುವ ಧೈರ್ಯ ಬರಲಿಲ್ಲ, ಕಚೇರಿಯ ದಾರಿ ಬಿಟ್ಟು ಸುತ್ತುಹಾಕಿ ಸಂತೆಗೆ ಹೋಗುತ್ತಿದ್ದೆ. ನನ್ನ ಗಂಡನ ಸಾಲವನ್ನೇನೋ ಓಣಿಯವರ ಕೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳಿಸಿ ತೀರಿಸಿದೆ. ಮಾತು ಮಾತ್ರ ಬಾಕಿ ಉಳಿಯಿತು.

ಮಗಳು ಶಾಲೆಗೆ ಹೋದಾಗ ಅವಳ ಜೊತೆ ನಾನೂ ಅಕ್ಷರ ಕಲಿತೆ. ಮೊದಲು ಬರೆದದ್ದು ಅವರಿಗೆ: "ಕಾಕಾ, ಅವತ್ತು ನಾ ಅಂದದ್ದು ತಪ್ಪು." ಮಡಚಿ ಟ್ರಂಕಿನಲ್ಲಿ ಇಟ್ಟೆ. ಹಬ್ಬ ಮುಗಿಯಲಿ, ರಾಶಿ ಮುಗಿಯಲಿ ಎನ್ನುತ್ತ ವರ್ಷಗಳು ಹೋದವು. ಕೊನೆಗೆ ಒಂದು ಮುಂಜಾನೆ ಅವರು ಹೋದರೆಂದು ಸುದ್ದಿ ಬಂತು. ಮುಖ ನೋಡಲು ಹೋದೆ. ಮೈ ತೊಳೆದಿದ್ದರೂ ಆ ಎರಡು ಬೆರಳು ನೀಲಿಯಾಗಿಯೇ ಇದ್ದವು.

ಈಗ ನನಗೂ ವಯಸ್ಸಾಗಿದೆ. ಕಾಗದ ಅದೇ ಟ್ರಂಕಿನಲ್ಲಿದೆ. ಬರೆದಿದ್ದೇನೆ, ಕೊಟ್ಟಿಲ್ಲ.