ಮಳೆ ಡಬ್ಬಿಯ ಸಿಪಾಯಿ ಕಾಕಾ

ಕಾಕಾ ಆರಡಿ ಮೀರಿದ ಆಳು. ಆದರೂ ಅಳತೆಯ ಗಾಜಿನಲ್ಲಿ ನೀರಿನ ಮಟ್ಟ ನೋಡುವಾಗ ಅವರು ಸೊಂಟ ಬಗ್ಗಿಸುತ್ತಿರಲಿಲ್ಲ, ಮೊಣಕಾಲು ಮಡಚುತ್ತಿದ್ದರು. ಗಾಜನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಇಲ್ಲದ ಕುರ್ಚಿಯ ಮೇಲೆ ಕೂರುವವರಂತೆ ಮೆಲ್ಲಗೆ ಇಳಿದು, ಕಣ್ಣು ನೀರಿನ ಗೆರೆಗೆ ಸಮನಾದ ಕೂಡಲೇ ಎಡಗಣ್ಣು ಮುಚ್ಚಿ, ಉಸಿರು ಹಿಡಿದು ನೋಡುತ್ತಿದ್ದರು. ಇಳಿಯುವಾಗ ಒಮ್ಮೆ, ಏಳುವಾಗ ಒಮ್ಮೆ ಮೊಣಕಾಲು ಲಟಕ್ ಅನ್ನುತ್ತಿದ್ದವು. ನನ್ನ ಕಿಟಕಿಗೆ ಆ ಸದ್ದು ಕೇಳಿತೆಂದರೆ ಬೆಳಿಗ್ಗೆ ಎಂಟೂವರೆ ಆಯಿತೆಂದು ಅರ್ಥ.

ಅವರು ಕುಂದಗೋಳದ ಒಂದು ಸರಕಾರಿ ಕಚೇರಿಯಲ್ಲಿ ಸಿಪಾಯಿ. ಫೈಲು ಹೊರುವುದು, ಚಹಾ ತರುವುದು, ಸಾಹೇಬರ ಕೋಣೆಯ ಕಸ ಹೊಡೆಯುವುದು, ಇವುಗಳ ಜೊತೆಗೆ ಕಚೇರಿಯ ಹಿಂದೆ ನಿಲ್ಲಿಸಿದ್ದ ಮಳೆಮಾಪಕ ನೋಡಿ ರಜಿಸ್ಟರಿನಲ್ಲಿ ಬರೆಯುವುದೂ ಅವರ ಪಾಲಿಗೆ ಬಂದಿತ್ತು. ಉಳಿದ ಕೆಲಸಗಳನ್ನು ಗೊಣಗುತ್ತ ಮಾಡುತ್ತಿದ್ದರು. ಇದೊಂದನ್ನು ಮಾತ್ರ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಳೆಮಾಪಕಕ್ಕೆ ಅವರು 'ಡಬ್ಬಿ' ಎನ್ನುತ್ತಿದ್ದರು. ಯರಗುಪ್ಪಿಯಿಂದ ಮೊದಲ ಬಸ್ಸಿಗೆ ಬಂದು, ಅಂದು ಕಂಡಕ್ಟರನ ಜೊತೆ ಆದ ಜಗಳದ ವರದಿಯನ್ನು ನನಗೆ ಒಪ್ಪಿಸಿ, ಆಮೇಲೆ ಡಬ್ಬಿಯ ಕಡೆ ಹೋಗುವುದು ಅವರ ಪದ್ಧತಿ. ಎಲೆ ಅಡಿಕೆ ಉಗುಳುವುದು ಮಾತ್ರ ನನ್ನ ಕಿಟಕಿಯ ಕೆಳಗೇ. ನಾನು ಬೈದರೆ ಎರಡು ಹೆಜ್ಜೆ ಆಚೆ ಹೋಗಿ ಉಗುಳುತ್ತಿದ್ದರು, ಮರುದಿನ ಮತ್ತೆ ಅಲ್ಲೇ.

ಕಚೇರಿಯ ಗೋಡೆಗೆ ಹತ್ತಿಕೊಂಡಿದ್ದ ನನ್ನ ಕೋಣೆ ಮೆಣಸಿನಕಾಯಿ ಬೆಳೆಗಾರರ ಸಂಘದ್ದು. ಹುಬ್ಬಳ್ಳಿಯಲ್ಲಿ ಬಿಸಿಎ ಮುಗಿಸಿದ ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬಳೇ ಹೆಣ್ಣುಮಗಳು. ಕೆಲಸ ಹೇಳಿಕೊಳ್ಳಲಿಕ್ಕೆ ಸಣ್ಣದು. ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಸರ್ವರ್ ಇಂಟರ್ನೆಟ್ಟಿನ ಮೂಲಕ ಹವಾಮಾನ ಕಂಪನಿಯೊಂದರ ಸರ್ವರಿಗೆ ರಿಕ್ವೆಸ್ಟ್ ಕಳಿಸಿ, ಇಂತಿಂಥ ಊರಿನಲ್ಲಿ ಇವತ್ತು ಎಷ್ಟು ಮಳೆ ಎಂದು ಕೇಳಬೇಕು. ಬಂದ ಉತ್ತರ ನೋಡಿ ಸದಸ್ಯರೆಲ್ಲರಿಗೂ ಫೋನ್ ಮಾಡಬೇಕು. ಯರಗುಪ್ಪಿಯಲ್ಲಿ ತುಸು ಮೆಣಸಿನಕಾಯಿ ಬೆಳೆಯುತ್ತಿದ್ದ ಕಾಕಾ ಕೂಡ ಸದಸ್ಯರೇ. ಫೋನಿನಲ್ಲಿ ಎರಡು ಮಾತು, ಎರಡೂ ನನ್ನ ದನಿಯಲ್ಲಿ ರೆಕಾರ್ಡ್ ಮಾಡಿದ್ದವು: 'ಇವತ್ತು ಮಳೆ ಬರಬಹುದು', 'ಇವತ್ತು ಮಳೆ ಇಲ್ಲ'. ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಜನ ಈ ಮಾತಿಗೆ ಕಾದಿರುತ್ತಿದ್ದರು. ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೂ, "ಮಳಿ ಇಲ್ಲ ಅನ್ನಾಕಿ ನೀವ ಏನ್ರಿ?" ಎಂದು ಕೇಳುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಬುತ್ತಿ ಬಿಚ್ಚುತ್ತ ಕಾಕಾ ವಿಚಾರಣೆಗೆ ಕೂತರು. "ಈ ಮಳಿ ಸುದ್ದಿ ನಿನಗ ಯಾರ ಹೇಳ್ತಾರ ಬೇ?"

"ಬ್ಯಾರೆ ಕಂಪನಿ ಮಷೀನ್ ಹೇಳ್ತೈತ್ರಿ ಕಾಕಾ. ನಮ್ಮ ಮಷೀನ್ ಹೋಗಿ ಕೇಳ್ಕೊಂಡ ಬರ್ತೈತಿ."

"ನಿಮ್ಮ ಮಷೀನ್ ಎಲ್ಲೈತಿ?"

"ಮುಂಬೈಯಾಗ್ರಿ. ಬಾಡಗಿಗೆ ತಗೊಂಡೇವಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಯರಗುಪ್ಪ್ಯಾಗ ಮಳಿ ಬರ್ತೈತೋ ಇಲ್ಲೋ ಅಂತ ಕೇಳಾಕ ಮುಂಬೈಕ್ಕ ಹೋಗಬೇಕಾತು. ಚಲೋ ಆತು ತಗೋ."

ಸದಸ್ಯರ ಫೋನುಗಳೇ ಯಾಕೆ ನೇರವಾಗಿ ಕೇಳಬಾರದು ಎಂಬುದು ಮುಂದಿನ ಪ್ರಶ್ನೆ. ಕೇಳುವುದಕ್ಕೆ ಪಾಸ್‌ವರ್ಡಿನಂಥ ಒಂದು ಗುಪ್ತ ಕೀಲಿ ಬೇಕು, ಅದನ್ನು ಎಲ್ಲರ ಫೋನಿನಲ್ಲಿ ಇಟ್ಟರೆ ಯಾರು ಬೇಕಾದರೂ ಕದಿಯಬಹುದು. ದಿನಕ್ಕೆ ಇಷ್ಟೇ ಸಲ ಕೇಳಬೇಕೆಂಬ ಮಿತಿಯೂ ಇದೆ. ಅದಕ್ಕೇ ಕೀಲಿ ನಮ್ಮ ಸರ್ವರಿನಲ್ಲಿ ಮಾತ್ರ ಇರುತ್ತದೆ, ಅದು ಎಲ್ಲರ ಪರವಾಗಿ ಒಮ್ಮೆ ಕೇಳಿ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಕಾಕಾ ಶೇಂಗಾ ಹಿಂಡಿ ಹಚ್ಚಿದ ತುತ್ತು ನುಂಗಿ, "ಅಂದ್ರ ಊರಿನ ಸಲುವಾಗಿ ಒಬ್ಬಾಂವ ಹೋಗಿ ಬರೂದು. ಇಷ್ಟ ಹೇಳಾಕ ಎಷ್ಟ ಮಾತು" ಅಂದರು.

ಹೊಸದರಲ್ಲಿ ನಾನು, ಉತ್ತರ ಬರುವ ತನಕ ಕೇಳುತ್ತಲೇ ಇರು ಎಂದು ಸರ್ವರಿಗೆ ಬರೆದಿಟ್ಟಿದ್ದೆ. ಒಂದು ಬೆಳಿಗ್ಗೆ ಆ ಕಡೆಯ ಸರ್ವರ್ ಸುಮ್ಮನಾಯಿತು. ನಮ್ಮದು ಸೆಕೆಂಡಿಗೆ ಹತ್ತು ಸಲದಂತೆ ಕೇಳುತ್ತ ಹೋಯಿತು. ಅವರು ಬೇಸತ್ತು ನಮ್ಮ ಕೀಲಿಯನ್ನೇ ಆ ದಿನಕ್ಕೆ ಬಂದ್ ಮಾಡಿದರು. ಮಾರಿ ಇಳಿಬಿಟ್ಟು ಕೂತಿದ್ದ ನನ್ನನ್ನು ನೋಡಿ ಕಾಕಾ ನಕ್ಕರು. "ಬಾಜು ಮನಿಗೆ ಮಜ್ಜಿಗಿ ಕೇಳಾಕ ಹೋದ್ರೂ ಒಮ್ಮೆ ಕೂಗಿ ಸ್ವಲ್ಪ ನಿಂದರಬೇಕವಾ. ಬಾಗಲಾ ಒದ್ಕೋತ ನಿಂತ್ರ ಯಾರ ಕೊಡ್ತಾರ?" ಆಮೇಲೆ, ನಡುನಡುವೆ ಬಿಡುವು ಕೊಟ್ಟು ಮೂರೇ ಸಲ ಕೇಳುವಂತೆ ತಿದ್ದಿದೆ.

ಮೂರೂ ಸಲ ಉತ್ತರ ಬಾರದಿದ್ದರೆ? ಆಗ ಪ್ರೋಗ್ರಾಮು ನಿಲ್ಲುತ್ತಿತ್ತು, ಯಾರಿಗೂ ಫೋನ್ ಹೋಗುತ್ತಿರಲಿಲ್ಲ. ಅಂಥ ದಿನ ಆರೂವರೆಗೇ ನನ್ನ ಫೋನು ಬಡಿದುಕೊಳ್ಳಲು ಶುರು. ಸದಸ್ಯರ ಸಿಟ್ಟು ಒಂದು ಕಡೆ, ಸಂಘದ ಅಧ್ಯಕ್ಷರದು ಇನ್ನೊಂದು ಕಡೆ. "ಏನರ ಆಗ್ಲಿ ಮೇಡಂ, ಫೋನ್ ದಿನಾ ಹೋಗಬೇಕು" ಎಂಬುದು ಅವರ ಒಂದೇ ಮಾತು. ಎರಡು ವರ್ಷ ಹೀಗೆ ಏಗಿ ನಾನು ದಣಿದಿದ್ದೆ. ಭಾನುವಾರವಿಲ್ಲ, ಹಬ್ಬವಿಲ್ಲ, ಕಣ್ಣು ಬಿಟ್ಟ ಕೂಡಲೇ ಉತ್ತರ ಬಂತೋ ಇಲ್ಲವೋ ಎಂಬ ಧಾವಂತ. ಡಿಸೆಂಬರಿನ ಒಂದು ಸಂಜೆ ಅದೇ ದಣಿವಿನಲ್ಲಿ ಒಂದು ಸಾಲು ಸೇರಿಸಿದೆ: ಉತ್ತರ ಬಾರದಿದ್ದರೆ ಮಳೆ ಸೊನ್ನೆ ಎಂದು ಹಿಡಿ. ಸೊನ್ನೆ ಎಂದರೆ 'ಇವತ್ತು ಮಳೆ ಇಲ್ಲ' ಎಂಬ ಮಾತು ತಾನಾಗಿ ಹೋಗುತ್ತದೆ. ಚಳಿಗಾಲದಲ್ಲಿ ಮಳೆ ಎಲ್ಲಿಂದ ಬರಬೇಕು ಎಂದುಕೊಂಡೆ. ಆಮೇಲಿನ ಕೆಲವು ವಾರ ಬೆಳಗಿನ ನಿದ್ದೆ ಚೆನ್ನಾಗಿ ಹತ್ತಿತು.

ಜನವರಿಯಲ್ಲಿ ಕಣ, ಮಾಳಿಗೆ, ರಸ್ತೆಯ ಬದಿ ಎಲ್ಲೆಲ್ಲೂ ಮೆಣಸಿನಕಾಯಿ ಹರವಿದ್ದರು. ಒಂದು ಮಧ್ಯಾಹ್ನ ಮೂರರ ಸುಮಾರಿಗೆ ಮೋಡ ಕಟ್ಟಿತು. ನಾನು ಕಿಟಕಿಗೆ ಬರುವಷ್ಟರಲ್ಲಿ ದಪ್ಪ ಹನಿ ಬಿದ್ದವು. ತಾಡಪತ್ರಿ ಎಳೆಯಲು ಓಡುವವರ ಕೂಗು ರಸ್ತೆಯಿಂದ ಕೇಳುತ್ತಿತ್ತು. ಸರ್ವರ್ ತಾನು ಮಾಡಿದ್ದೆಲ್ಲವನ್ನೂ ಬರೆದಿಡುವ ದಿನಚರಿಯನ್ನು ತೆರೆದು ನೋಡಿದೆ. ಬೆಳಿಗ್ಗೆ ಮೂರು ಸಲ ಕೇಳಿತ್ತು. ಮೂರು ಸಲವೂ ಉತ್ತರ ಬಂದಿರಲಿಲ್ಲ. ಆರು ಗಂಟೆ ಎರಡು ನಿಮಿಷಕ್ಕೆ ನನ್ನ ದನಿ ಎಲ್ಲ ಊರಿಗೂ ಹೋಗಿ, ಇವತ್ತು ಮಳೆ ಇಲ್ಲ ಎಂದು ಹೇಳಿ ಬಂದಿತ್ತು.

ಮರುದಿನ ಬೆಳಿಗ್ಗೆ ಕಂಡಕ್ಟರನ ಸುದ್ದಿ ಬರಲಿಲ್ಲ. ಕಾಕಾ ಸೀದಾ ಡಬ್ಬಿಯ ಕಡೆ ಹೋದರು, ಮೊಣಕಾಲಿನ ಸದ್ದು ಕೇಳಿತು. ಆಮೇಲೆ, ಎಂದೂ ಹೊರಗೆ ತರದ ರಜಿಸ್ಟರನ್ನು ಕಂಕುಳಲ್ಲಿ ಹಿಡಿದು ನನ್ನ ಕೋಣೆಗೆ ಬಂದರು.

"ಇಪ್ಪತ್ತೆರಡು ಮಿಲಿಮೀಟರ್ ಬಿದ್ದೈತಿ. ನಿನ್ನ ಮಷೀನ್ ನಿನ್ನೆ ಏನ ಕೇಳ್ಕೊಂಡ ಬಂದಿತ್ತು?"

"ಉತ್ತರ ಬಂದಿರ್ಲಿಲ್ರಿ ಕಾಕಾ."

"ಮತ್ತ ಮಳಿ ಇಲ್ಲ ಅಂತ ಯಾರ ಅಂದ್ರು?"

"ನಾನ ಅಂದೆ" ಎಂದೆ.

ಅವರು ಬೈಯಲಿಲ್ಲ. ರಜಿಸ್ಟರಿನ ಹಳೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಬೇಸಿಗೆಯ ತಿಂಗಳುಗಳು, ಸಾಲಾಗಿ ಸೊನ್ನೆಗಳು. ನಡುವೆ ಒಂದೊಂದು ಕಡೆ ಸೊನ್ನೆಯಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಗುಂಡಗಿನ ಅಕ್ಷರ: 'ನೋಡಿಲ್ಲ. ಜ್ವರ.' 'ನೋಡಿಲ್ಲ. ಬಸ್ ಬರಲಿಲ್ಲ.' 'ನೋಡಿಲ್ಲ. ಅವ್ವ ತೀರಿಕೊಂಡಳು.' ಹೊಸದಾಗಿ ಬಂದ ಸಾಹೇಬರೊಬ್ಬರು, ಬಿಸಿಲಿನಲ್ಲಿ ಮಳೆ ಎಲ್ಲಿ ಬರುತ್ತದೆ, ಸೊನ್ನೆ ಹಾಕಿ ಚೊಕ್ಕ ಮಾಡು ಎಂದು ಒಂದು ವಾರ ಬೈದರಂತೆ. ಕಾಕಾ ಹಾಕಲಿಲ್ಲ.

"ಸೊನ್ನಿ ಅಂದ್ರ ನಾ ಹೋಗಿದ್ದೆ, ಡಬ್ಬಿ ತಗದ ನೋಡಿದ್ದೆ, ನೀರ ಇರಲಿಲ್ಲ ಅಂತ. ನೋಡದನ ಸೊನ್ನಿ ಹಾಕಿದ್ರ ಅದು ಮಳಿ ಲೆಕ್ಕ ಅಲ್ಲವಾ. ಅದು ನನ್ನ ಸುಳ್ಳು."

ನನಗೆ ಅಳು ಬಂತು. ತಡೆದುಕೊಂಡು, "ನಿಮ್ಮವೂ ಹರವಿದ್ರೇನ್ರಿ ಕಾಕಾ?" ಎಂದು ಕೇಳಿದೆ. ಅವರು ರಜಿಸ್ಟರಿನ ದಾರ ಕಟ್ಟುತ್ತ, "ಮೊದಲ ಮಂದೀವು ಎಷ್ಟ ನೆನದಾವು ಕೇಳು" ಅಂದು ಹೊರಟುಹೋದರು. ಮೆಣಸಿನಕಾಯಿ ನೆನೆದಿದ್ದರೆ ಹೀಗೆ ಸುಮ್ಮನಿರುವ ಮನುಷ್ಯನೇ ಅಲ್ಲ, ಬಸ್ಸಿನಲ್ಲಿ ಚಿಲ್ಲರೆ ಕೊಡದಿದ್ದರೆ ಊರು ಒಂದು ಮಾಡುವವರು ಎಂದುಕೊಂಡೆ. ಅಷ್ಟು ಭಾರ ಇಳಿಯಿತು.

ಹನ್ನೊಂದಕ್ಕೆ ಅಧ್ಯಕ್ಷರು ಬಂದರು. ನಡೆದದ್ದನ್ನು ಕೇಳಿ ಬಾಗಿಲು ಮುಂದೆ ಮಾಡಿದರು. "ಹವಾಮಾನದವ್ರು ತಪ್ಪ ಸುದ್ದಿ ಕೊಟ್ರು ಅಂತ ರೆಕಾರ್ಡ್ ಮಾಡಿ ಬಿಡ್ರಿ. ಅವರನ್ನ ಯಾರ ನೋಡ್ಯಾರ? ನಮ್ಮದ ತಪ್ಪು ಅಂದ್ರ ನಾಳೆ ಮಂದಿ ಬಾಗಲಿಗೆ ಬರ್ತಾರ. ಆಮ್ಯಾಲ ನಿಮ್ಮ ನೌಕರಿ ನನ್ನ ಕೈಯಾಗ ಇರಂಗಿಲ್ಲ."

ಮನೆಯಲ್ಲಿ ಅವ್ವ, ಓದುವ ತಂಗಿ, ನನ್ನದೊಂದೇ ಸಂಬಳ. ಅಧ್ಯಕ್ಷರು ಹೋದ ಮೇಲೆ ಕಿಟಕಿಗೆ ಹೋದೆ. ಕಾಕಾ ಕೆಳಗೆ ನಿಂತು ಎಲೆಗೆ ಸುಣ್ಣ ಸವರುತ್ತಿದ್ದರು. ಎಲ್ಲವೂ ಅವರಿಗೆ ಕೇಳಿಸಿತ್ತು.

"ಏನ ಮಾಡ್ಲ್ರಿ ಕಾಕಾ?"

"ನನ್ನ ಕೇಳಬ್ಯಾಡವಾ. ದನಿ ನಿಂದೈತಿ."

ಆ ಹೊತ್ತಿಗೆ ಅವರ ಮೇಲೆ ಸಿಟ್ಟೇ ಬಂತು. ನಿಜ ಹೇಳು ಎಂದಿದ್ದರೆ ಅವರ ಮೇಲೆ ಹಾಕಿ ಹೇಳುತ್ತಿದ್ದೆ, ಬೇಡ ಎಂದಿದ್ದರೆ ಅವರ ಹೆಸರಿನಲ್ಲೇ ಸುಮ್ಮನಾಗುತ್ತಿದ್ದೆ. ಬಾಗಿಲು ಹಾಕಿಕೊಂಡು ನಾಲ್ಕು ಸಲ ತಡವರಿಸಿ ರೆಕಾರ್ಡ್ ಮಾಡಿದೆ: 'ನಿನ್ನೆ ನಮಗೆ ಹವಾಮಾನದ ಉತ್ತರ ಬಂದಿರಲಿಲ್ಲ. ಬಾರದಿದ್ದರೂ ಮಳೆ ಇಲ್ಲ ಎಂದು ಹೇಳಿದೆವು. ತಪ್ಪು ನಮ್ಮದು.' ಅಧ್ಯಕ್ಷರನ್ನು ಕೇಳದೆ ಎಲ್ಲರಿಗೂ ಕಳಿಸಿದೆ.

ಆ ವಾರ ಕೇಳಿದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಬ್ಬ ಹೆಣ್ಣುಮಗಳು ಬೈಯಲೇ ಇಲ್ಲ, ಕರ್ರಗಾದ ಕಾಯಿ ಆರಿಸುತ್ತ ಕೂತಿದ್ದೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಅದು ಇನ್ನೂ ಕಿವಿಯಲ್ಲಿದೆ. ಬಹಳ ಜನ ನಮ್ಮ ಫೋನೇ ಬೇಡವೆಂದು ಬಿಡಿಸಿಕೊಂಡರು. ಅಧ್ಯಕ್ಷರು ಒಂದು ತಿಂಗಳು ಮಾತು ಬಿಟ್ಟರು. ನೌಕರಿ ಮಾತ್ರ ಉಳಿಯಿತು, ಆ ಸಂಬಳಕ್ಕೆ ಬೇರೆ ಯಾರು ಬರುತ್ತಿದ್ದರು?

ಆ ಸೊನ್ನೆಯ ಸಾಲು ಅಳಿಸಿ ಮೂರನೆಯ ಮಾತೊಂದನ್ನು ರೆಕಾರ್ಡ್ ಮಾಡಿದೆ: 'ಇವತ್ತಿನ ಮಳೆಯ ಸುದ್ದಿ ನಮಗೆ ಸಿಕ್ಕಿಲ್ಲ. ನೀವೇ ಮುಗಿಲು ನೋಡಿಕೊಳ್ಳಿ.' ಜನ ನಕ್ಕರು. ಗೊತ್ತಿಲ್ಲ ಎನ್ನಲಿಕ್ಕೆ ಫೋನ್ ಯಾಕೆ ಮಾಡಬೇಕು ಎಂದು ಬಸ್ಸಿನಲ್ಲಿ ಯಾರೋ ಅಂದಾಗ, ಕಾಕಾ ಎದ್ದು ನಿಂತು, "ಗೊತ್ತಿಲ್ಲ ಅಂತ ತಾನಾಗಿ ಫೋನ್ ಹಚ್ಚಿ ಹೇಳೋರನ್ನ ಬ್ಯಾರೆ ಎಲ್ಲೆರ ಕಂಡೀಯೇನಲೇ?" ಎಂದು ಕೇಳಿದರಂತೆ. ಈ ಜಗಳದ ವರದಿಯನ್ನು ಅವರು ನನಗೆ ಒಪ್ಪಿಸಲಿಲ್ಲ, ಕಂಡಕ್ಟರನೇ ಹೇಳಿದ.

ಮುಂದಿನ ವರ್ಷ ಅವರು ನಿವೃತ್ತರಾದರು. ಡಬ್ಬಿಯ ಜಾಗಕ್ಕೆ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರದ ಕಂಬ ಬಂತು. ನಾನು ಅದೇ ಕೋಣೆಯಲ್ಲಿದ್ದೇನೆ. ಈಗಲೂ ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ, ಈಗಲೂ ದಣಿವು ಹೋಗಿಲ್ಲ, ಹೋಗುತ್ತದೆ ಎಂಬ ಆಸೆಯೂ ಇಲ್ಲ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಐದನೆಯ ದಿನ ಯರಗುಪ್ಪಿಗೆ ಹೋದೆ. ಅದುವರೆಗೆ ನಾನು ಅವರ ಮನೆ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಮಾತಾಡಿಸಿದ ಕೂಡಲೇ ಅವರ ಹೆಂಡತಿ, "ಮಳಿ ಹುಡುಗಿ ಹೌದಲ್ಲ? ದನಿ ಗುರ್ತ ಹತ್ತಿತು, ಒಳಗ ಬಾ" ಅಂದರು. ಚಹಾ ಕೊಟ್ಟು ಎದುರಿಗೆ ಕೂತರು. ಅತ್ತು ಅತ್ತು ಸುಸ್ತಾದ ಮುಖ.

"ದಿನಾ ನಿನ್ನ ಫೋನ್ ಬರೂತನಕ ಹೊಸ್ತಲಾ ದಾಟ್ತಿರಲಿಲ್ಲ. ಆ ವರ್ಷ ಮೆಣಸಿನಕಾಯಿ ಅಷ್ಟೂ ಕರ್ರಗಾದ್ವು, ಅದಾದ ಮ್ಯಾಲೂ ಬಿಡಲಿಲ್ಲ ನೋಡು."

"ಯಾವ ವರ್ಷರಿ ಕಾಕೂ?"

"ತಪ್ಪಾತು ಅಂತ ನೀ ಫೋನಿನ್ಯಾಗ ಹೇಳಿದೆಲ್ಲ, ಆ ವರ್ಷ. ಮುಗಲ ಚಲೋ ಇಲ್ಲ, ಹರವೂದು ಬ್ಯಾಡ ಅಂದೆ ನಾ. ಆ ಹುಡುಗಿ ಇಲ್ಲ ಅಂದಾಳ, ಹರವು ಅಂದ್ರು. ಮಾಳಿಗಿ ತುಂಬ ಹರವಿದ್ವಿ. ಯಾಕ, ನಿನಗ ಹೇಳಿರಲಿಲ್ಲೇನು?"

ಚಹಾದ ಕಪ್ಪು ಕೆಳಗಿಟ್ಟೆ.

"ನಾ ಕೇಳಿದ್ನಿರಿ ಕಾಕೂ," ಎಂದೆ. "ಅವರು ಉತ್ತರ ಕೊಡಲಿಲ್ಲ. ನಾನ ಇಲ್ಲ ಅಂತ ತಿಳ್ಕೊಂಡೆ."