ಖಂಡೇಪೂಜೆಗೆ ಬಿಟ್ಟ ಗಾಳಿ

ಹೋದ ವಾರ ಹಾವೇರಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಸೀನತೊಡಗಿದೆವು. ಬಾಗಿಲಲ್ಲಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮಷಿನ್ ಆಪರೇಟರ್ ನಿಂತಿದ್ದರು. ಬಗಲಲ್ಲಿ ಮೆಣಸಿನಕಾಯಿ ಚೀಲದಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಬಿಚ್ಚುವ ಮೊದಲೇ ಆ ಘಾಟಿಗೆ ನನಗೆ ಗೊತ್ತಾಯಿತು... ನಮ್ಮ ಫಿಸಿಕ್ಸ್ ಸರ್ ಅವರ ಗಾಜಿನ ಕೊಳವೆ.

“ಸರ್ ತೀರಿಕೊಂಡಿದ್ದು ಮೊನ್ನೆ ಗೊತ್ತಾತ್ರಿ ಮೇಡಂ. ಅವರ ಸಾಮಾನ ನಮ್ಮ ಕಡೆ ಉಳಿದಿತ್ತು,” ಎಂದು ಕುರ್ಚಿಯ ತುದಿಯಲ್ಲಿ ಕುಳಿತರು. ನಾನು ಚಹಾ ತರಿಸಿದೆ.

ಸರ್ ರಾಣೆಬೆನ್ನೂರಿನಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಮಾತ್ರ ಯಾವ ಭಾಷೆಯಲ್ಲೂ ಇಲ್ಲ. ಸಿಟ್ಟಿನ ಗುತ್ತಿಗೆ ಕೆಮಿಸ್ಟ್ರಿ ಕಲಿಸುವ ನನ್ನದು. ನಿವೃತ್ತಿಯೊಳಗೆ ಪಿಎಚ್.ಡಿ. ಮುಗಿಸಬೇಕು ಎಂಬುದೊಂದೇ ಅವರ ಆಸೆ. ಹರೆಯದಲ್ಲಿ ಹೆಸರು ನೋಂದಾಯಿಸಿ, ಸಂಸಾರ ಅಡ್ಡ ಬಂದು, ಬಿಟ್ಟು, ಮತ್ತೆ ಹಿಡಿದ ಕೆಲಸ ಅದು.

ಅವರು ಅಳೆಯುತ್ತಿದ್ದದ್ದು ಆ ಕೊಳವೆಯೊಳಗಿಟ್ಟ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು. ಗಟ್ಟಿ ಪ್ಲಾಸ್ಟಿಕ್ಕು ಒಳಗೆ ಗಾಜಿನಂಥದೇ. ಅಣುಗಳು ಅಡ್ಡಾದಿಡ್ಡಿ ನಿಂತಲ್ಲೇ ಸೆಟೆದಿರುತ್ತವೆ. ಒತ್ತಡ ಏರಿಸಿ ಅನಿಲ ತುಂಬಿದರೆ ಅದು ಒಳಹೊಕ್ಕು ಪಟ್ಟಿ ಉಬ್ಬುತ್ತದೆ. ಒತ್ತಡ ಇಳಿಸಿದರೆ ಅನಿಲವೇನೋ ಬೇಗ ಹೊರಬರುತ್ತದೆ, ಪಟ್ಟಿ ಮಾತ್ರ ತಿಂಗಳುಗಟ್ಟಲೆ ಸಾವಕಾಶ ಕುಗ್ಗುತ್ತಲೇ ಇರುತ್ತದೆ. ಎಷ್ಟು ಸಾವಕಾಶ ಎಂಬುದೇ ಸರ್ ಅವರ ಪ್ರಶ್ನೆ. “ಬೆಲ್ಟ್ ಬಿಚ್ಚಿದ ಮ್ಯಾಲೂ ಹೊಟ್ಟಿ ಮ್ಯಾಲಿನ ಗೆರಿ ಲಗೂ ಹೋಗಂಗಿಲ್ಲ ನೋಡ್ರಿ ಮೇಡಂ, ಹಂಗ,” ಎಂದು ತಮ್ಮ ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದರು.

ನಮ್ಮ ಲ್ಯಾಬಿನ ಬಿಸಿಲಿಗೆ, ಕೈಕೊಡುವ ಕರೆಂಟಿಗೆ ಆ ಕೆಲಸ ಆಗುವಂಥದ್ದಲ್ಲ. ವರ್ಷವಿಡೀ ಒಂದೇ ಸಮ ತಂಪಿರುವ ಜಾಗ ಬೇಕು. ಅದು ನಮ್ಮ ಕಡೆ ಎಲ್ಲಿದೆ? ಮೆಣಸಿನಕಾಯಿ ಇಡುವಲ್ಲಿ! ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನವರು ಒಂದು ಮೂಲೆ ಬಿಟ್ಟುಕೊಟ್ಟರು. ದೀಪಾವಳಿಯ ಮರುದಿನ ಸರ್ ಕೊಳವೆಯ ಒತ್ತಡವನ್ನು ಅರ್ಧಕ್ಕೆ ಇಳಿಸಿ ವಾಲ್ವು ಬಿಗಿದರು. ಇನ್ನು ಮುಂದಿನ ದೀಪಾವಳಿಯವರೆಗೆ ಯಾರೂ ಮುಟ್ಟಬಾರದು. ಸಂಜೆ ಮನೆಗೆ ಹೋಗುವಾಗ ಬ್ಯಾಡಗಿಯಲ್ಲಿಳಿದು, ಸ್ವೆಟರ್ ಹಾಕಿ, ಮೂಗಿಗೆ ಕರ್ಚೀಫು ಕಟ್ಟಿ, ದುರ್ಬೀನಿನಲ್ಲಿ ಪಟ್ಟಿಯ ಉದ್ದ ನೋಡಿ ಮುಂದಿನ ರೈಲು ಹಿಡಿಯುತ್ತಿದ್ದರು. ಆಗಾಗ ನಾನೂ ಹೋಗುತ್ತಿದ್ದೆ.

ಹಾಗೆ ಇನ್ನೇನು ಮುಗಿಯಿತು ಎನ್ನುವಾಗ ನವರಾತ್ರಿ ಬಂತು. ಖಂಡೇಪೂಜೆ ಎಂದರೆ ನಮ್ಮ ಕಡೆಯ ಆಯುಧಪೂಜೆ. ಅದರ ಮರುದಿನ ಇಬ್ಬರೂ ಹೋದರೆ, ಕೊಳವೆ ಫಳಫಳ ಹೊಳೆಯುತ್ತಿದೆ. ಚೆಂಡು ಹೂವಿನ ಮಾಲೆ, ವಿಭೂತಿ, ಕುಂಕುಮ. ಒತ್ತಡದ ಮುಳ್ಳು ಸೊನ್ನೆಯಲ್ಲಿದೆ.

ಇದೇ ಆಪರೇಟರ್ ಪೇಢೆ ಹಿಡಿದು ಓಡಿ ಬಂದರು. “ನಿಮ್ಮ ಮಷಿನ್ನಿಗೂ ಪೂಜಾ ಮಾಡೇವ್ರಿ ಸರ್! ಪೂಜಾ ದಿವಸ ಎಲ್ಲಾಕೂ ಆರಾಮ ಕೊಡಬೇಕಲ್ರಿ. ಪಾಪ, ವರ್ಷದಿಂದ ಉಸರ ಹಿಡಕೊಂಡು ನಿಂತಿತ್ತು. ಗಾಳಿ ಬಿಟ್ಟೇನಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ಸರ್ ಕೈ ಅಡ್ಡ ಹಿಡಿದರು. ಪೇಢೆ ತೆಗೆದುಕೊಂಡು ತಿಂದರು. “ಛಲೋ ಆತ್ರಿ,” ಎಂದರು.

ಹೊರಗೆ ಬಂದು ರೇಗಿದೆ. “ಒಂದು ಮಾತರ ಅನಬಾರದೇನ್ರಿ ಸರ್?” ಅವರು ಮೆಣಸಿನಕಾಯಿ ಚೀಲಗಳ ಸಾಲನ್ನೇ ನೋಡುತ್ತಿದ್ದರು. “ತಮ್ಮ ಮಷಿನ್ನುಗಳ ಜೋಡಿ ನಂದೂ ಒಂದು ಅಂತ ಹೂವಾ ಏರಿಸ್ಯಾರ ಮೇಡಂ. ಏನಂತ ಅನಲಿ?”

ನಡುವೆ ಒತ್ತಡ ಬದಲಾದ ಮೇಲೆ ಆ ಪಟ್ಟಿ ಇನ್ನು ಉಪಯೋಗಕ್ಕಿರಲಿಲ್ಲ. ಹೊಸದನ್ನು ಹಾಕಿ ಮೊದಲಿಂದ ಶುರು ಮಾಡಲು ಇನ್ನೊಂದು ವರ್ಷ ಬೇಕು. ವಿಶ್ವವಿದ್ಯಾಲಯದ ಕೊನೆಯ ಗಡುವು ಡಿಸೆಂಬರಿಗೆ ಮುಗಿಯುತ್ತಿತ್ತು. ಸರ್ ಅರ್ಜಿ ಹಾಕಿದರು, ಹೋಗಿ ಕೈಮುಗಿದೂ ಬಂದರು. ಅಲ್ಲಿಯವರು ಆಗುವುದಿಲ್ಲ ಎಂದರು. ನಾನು ಯಾರ ಜೊತೆ ಜಗಳವಾಡಲಿ? ಅವರದು ನಿಯಮ, ಇವರದು ಭಕ್ತಿ. ಸರ್ ನಿವೃತ್ತರಾದರು. ಹೋದ ಮಳೆಗಾಲದಲ್ಲಿ ಎದೆ ನೋವೆಂದವರು ಆಸ್ಪತ್ರೆ ಮುಟ್ಟಲಿಲ್ಲ.

ಆಪರೇಟರ್ ಚಹಾ ಮುಗಿಸಿ ಕಪ್ಪು-ಬಸಿಯನ್ನು ಮೇಜಿನ ಮೇಲಿಟ್ಟರು. “ಮೇಡಂ, ಒಂದು ಕೇಳ್ಲೇನ್ರಿ? ಸರ್ ಅವರ ದೊಡ್ಡ ಪರೀಕ್ಷಾ ಪಾಸಾತಿಲ್ರಿ? ನಾನ ಕೈಯಾರೆ ಪೂಜಾ ಮಾಡಿದ್ದೆ. ಆಮ್ಯಾಲೆ ಸರ್ ಬರಲೇ ಇಲ್ಲ.”

ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆವತ್ತು ಸರ್ ತಡೆದದ್ದು, ಎಷ್ಟು ವರ್ಷ ಕಾದಿಟ್ಟ ಮಾತು ಅದು!

“ಪಾಸಾತ್ರಿ,” ಎಂದೆ.

“ನಾ ಅಂದಿದ್ನಿಲ್ರಿ!” ಅವರ ಮುಖ ಅರಳಿತು. “ಪ್ರತಿ ವರ್ಷ ತಪ್ಪದ ಪೂಜಾ ಮಾಡೇನ್ರಿ ಮೇಡಂ.” ಚೀಲ ಸರಿಸಿ ತೋರಿಸಿದರು. ವಾಲ್ವಿನ ಮೇಲೆ ಈ ಸಲದ ಕುಂಕುಮ ಇನ್ನೂ ಕೆಂಪಗಿತ್ತು.

ಸರ್ ಆವತ್ತು ಯಾಕೆ ಪೇಢೆ ತಿಂದು ಸುಮ್ಮನಾದರೆಂದು ಈಗ ತಿಳಿಯಿತು. ಹೌದ್ರಿ ಸರ್, ಏನೂ ಅನ್ನಲಿಕ್ಕೆ ಬರುವುದಿಲ್ಲ ಎಂದು ಹೇಳೋಣವೆಂದರೆ ಅವರೇ ಇಲ್ಲ.