ಹೇಮಗುಡ್ಡಕ್ಕೆ ಒಯ್ದ ಸಾಫ್ಟ್‌ವೇರ್ ಪ್ರಶ್ನೆ

ಮೊನ್ನೆ ಗಂಗಾವತಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಿಲ್ಲಿನ ಕಡೆಯಿಂದ ಕುದಿಸಿದ ಭತ್ತದ ವಾಸನೆ ಬಂತು. ಆ ವಾಸನೆಯ ಹಿಂದೆಯೇ ಮಿಲ್ಲಿನ ಪಕ್ಕದ ಒಂದು ಮಹಡಿ ಕೋಣೆ ಬಂದು ಕಣ್ಣ ಮುಂದೆ ನಿಂತಿತು. ಕಿಟಕಿಯ ಪಕ್ಕ ನಾನು. ನನಗೆ ಅಂಟಿಕೊಂಡು ಅಳವಂಡಿಯ ಗೆಳತಿ; ಗಂಗಾವತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಲಿಯುತ್ತಿದ್ದಳು. ಎದುರಿಗೆ ಇನ್ನು ಮೂರ್ನಾಲ್ಕು ಹುಡುಗಿಯರು. ಬಾಗಿಲ ಹತ್ತಿರ ನಮ್ಮ ಕಂಪ್ಯೂಟರ್ ಕ್ಲಾಸಿನ ಮೇಡಂ, ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಗಲ್ಲಕ್ಕೆ ಕೈ ಕೊಟ್ಟು...

ಅವರು ಹಾಗೆ ಕೂತರೆಂದರೆ ಏನೋ ತೀರ್ಮಾನಕ್ಕೆ ಬರಲಾಗಿಲ್ಲ ಎಂದು ನಮಗೆ ಗೊತ್ತಾಗುತ್ತಿತ್ತು. ಆ ವರ್ಷವಂತೂ ಅವರು ಹೆಚ್ಚು ಹೊತ್ತು ಹಾಗೆಯೇ ಕೂತಿದ್ದರು.

ಕನ್ನಡ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗಿ ಕ್ಲಾಸು ಇವತ್ತೋ ನಾಳೆಯೋ ಮುಚ್ಚುವ ಹಾಗಿತ್ತು. ಫೋನಿನ ಪರದೆಗಳನ್ನು ವಿನ್ಯಾಸ ಮಾಡುವುದು, ಅಂದರೆ ಯಾವ ಬಟನ್ ಎಲ್ಲಿರಬೇಕು, ಒತ್ತಿದರೆ ಮುಂದೇನು ಬರಬೇಕು ಎಂಬುದನ್ನು ಮೊದಲೇ ಬರೆದು ತೋರಿಸುವುದು ಹೊಸ ಕೆಲಸವೆಂದು ಮೇಡಂ ಎಲ್ಲೋ ಕೇಳಿ ತಿಳಿದಿದ್ದರು. ಅದನ್ನು ಕಲಿಸಿದರೆ ಕ್ಲಾಸು ಉಳಿದೀತು ಎಂಬ ಆಸೆ. ಆದರೆ ಆ ಕೆಲಸಕ್ಕೆ ಎರಡು ಸಾಫ್ಟ್‌ವೇರ್ ಇದ್ದವು, ಮತ್ತು ಎರಡನ್ನೂ ಪೂರ್ತಿ ಕಲಿಸಲು ಮೇಡಂಗೂ ಬರುತ್ತಿರಲಿಲ್ಲ, ನಮ್ಮ ಹಳೆಯ ಮೆಷಿನ್‌ಗಳಿಗೂ ತಾಕತ್ತಿರಲಿಲ್ಲ.

ಅವುಗಳ ಇಂಗ್ಲಿಷ್ ಹೆಸರು ಬಿಟ್ಟು ಮೇಡಂ ತಮ್ಮದೇ ಹೆಸರಿಟ್ಟರು. ಒಂದು ಅಂಗಳ, ಇನ್ನೊಂದು ಅಡಿಗಿಮನಿ. ಅಂಗಳ ನೆಟ್ ಮೇಲೆ ನಡೆಯುವಂಥದ್ದು. ಎಲ್ಲರೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಕೈಯಾಡಿಸಬಹುದು. ಅಡಿಗಿಮನಿ ಮೆಷಿನ್ನಿನೊಳಗೇ ಇರುವಂಥದ್ದು. ಒಬ್ಬರು ಹೊಕ್ಕರೆ ಉಳಿದವರು ಹೊರಗೆ. ಆದರೆ ಅದರಲ್ಲಿ ಮಾಡಿದ್ದನ್ನು ಫೋನಿಗೆ ಹಾಕಿ ಒತ್ತಿದರೆ ನಿಜವಾದ ಆ್ಯಪಿನ ಹಾಗೆಯೇ ಪರದೆ ಸರಿಯುತ್ತಿತ್ತು.

ಅಂಗಳದಲ್ಲಿ ಜಗಳ ಜಾಸ್ತಿ. "ನನ್ನ ಬಟನ್ ಯಾರ ಸರಿಸಿದ್ರಿ?" ಎಂದು ಗೆಳತಿ ಕೂಗಿದರೆ, ಎದುರಿನವಳು, "ಅದೇನ್ ನಿಮ್ಮಪ್ಪನ ಹೊಲದ ಬದುನಾ, ಸರಿಸಬಾರದು ಅನ್ನಾಕ?" ಎನ್ನುತ್ತಿದ್ದಳು. ನೆಟ್ ಹೋಯಿತೋ, ಜಗಳವೂ ಕೆಲಸವೂ ಒಟ್ಟಿಗೇ ನಿಂತು ಎಲ್ಲರೂ ಪರದೆಯ ಮೇಲೆ ತಿರುಗುವ ಚಕ್ರ ನೋಡುತ್ತ ಕೂರುತ್ತಿದ್ದೆವು.

ಪರೀಕ್ಷೆಗೆಂದು ಎರಡರಲ್ಲೂ ಒಂದೇ ಕೆಲಸ ಮಾಡಿದೆವು. ಖಾರ ಕುಟ್ಟಿಸುವ ಗಿರಣಿಯಲ್ಲಿ ಮನೆಯಲ್ಲೇ ಕೂತು ಪಾಳಿ ಹಿಡಿಯುವ ಆ್ಯಪು. ಆ್ಯಪೆಂದರೆ ಬರೀ ತೋರಿಕೆಯದು. ಹಿಂದೆ ಗಿರಣಿಯೂ ಇಲ್ಲ, ಪಾಳಿಯೂ ಇಲ್ಲ. ಅಡಿಗಿಮನಿಯಲ್ಲಿ ಮಾಡಿದ್ದನ್ನು ಮೇಡಂ ಫೋನಿಗೆ ಹಾಕಿಕೊಂಡು ಹೋಗಿ ತಮ್ಮ ಅತ್ತೆಗೆ ಕೊಟ್ಟರು. ಅತ್ತೆ ಒತ್ತಿದರು. "ನಿಮ್ಮ ಪಾಳಿ ಬಂದಿದೆ" ಎಂದು ಬಂತು. ಮೇಡಂ ಒಳಗೆ ಹೋಗಿ ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಅತ್ತೆ ಮೆಣಸಿನಕಾಯಿ ಚೀಲ ಎತ್ತಿಕೊಂಡು ಗಿರಣಿಗೆ ಹೋಗಿಬಿಟ್ಟಿದ್ದರು.

ತಿರುಗಿ ಬಂದವರು ನೇರ ಕ್ಲಾಸಿಗೇ ಬಂದು ಸೊಸೆಯನ್ನು ತರಾಟೆಗೆ ತೆಗೆದುಕೊಂಡರು. "ಪಾಳಿ ಬಂದೈತಿ ಅಂತ ನಿನ್ನ ಫೋನೇ ಹೇಳ್ತು. ಹೋಗಿ ಮುಂದ ನಿಂತ್ರ ಮಂದಿ ನನ್ನ ಹುಚ್ಚಿ ಅಂದ್ರು. ಗಿರಣಿಯವ ನಕ್ಕ. ಇದನ್ನ ಕಲಿಸಾಕ ಸಾಲಿ ತಗದೀಯೇನ ನೀ?"

ನಾವು ನಕ್ಕೆವು. ಮೇಡಂ ನಗಲಿಲ್ಲ. ಅತ್ತೆ ಹೋದ ಮೇಲೆ ಕೇಳಿದರು: "ಅಷ್ಟ ಖರೇ ಕಾಣೂದು ಛಲೋನೋ, ಕೆಟ್ಟೋ?"

ಗೆಳತಿ ಫೋನ್ ತೆಗೆದುಕೊಂಡು ಒತ್ತಿದಳು; ಮತ್ತೆ ಪಾಳಿ ಬಂತು.

ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ಮೇಡಂ ಸಿಕ್ಕವರನ್ನೆಲ್ಲ ಕೇಳಿದರು. ಬೋರ್‌ವೆಲ್ ಮೋಟಾರು ಮಾರುತ್ತಿದ್ದ ಅವರ ಯಜಮಾನರು, "ಯಾವುದಕ್ಕ ಗ್ಯಾರಂಟಿ ಐತಿ ಅದನ್ನ ಹಿಡಿ" ಎಂದರು. ಕೊಪ್ಪಳದ ಒಬ್ಬರು ಅಂಗಳ ಎಂದರು, ಹೊಸಪೇಟೆಯ ಒಬ್ಬರು ಅಡಿಗಿಮನಿ ಎಂದರು. ಇಬ್ಬರ ಮಾತೂ ಸರಿಯೆನಿಸಿತು, ಅದೇ ತೊಂದರೆಯಾಯಿತು. ಕೊನೆಗೆ ಒಂದು ಶುಕ್ರವಾರ, "ನಡೀರಿ, ಅಮ್ಮನ್ನ ಕೇಳೂಣು" ಎಂದು ನನ್ನನ್ನೂ ಗೆಳತಿಯನ್ನೂ ಟಂಟಂ ಆಟೋ ಹತ್ತಿಸಿಕೊಂಡು ಹೇಮಗುಡ್ಡದ ದೇವಿಯ ಗುಡಿಗೆ ಹೊರಟರು.

ನಮ್ಮ ಕಡೆ ಮನಸ್ಸು ಎರಡಾದಾಗ ದೇವಿಯ ಮುಂದೆ ಹೂ ಕೇಳುವುದುಂಟು. ಮೂರ್ತಿಗೆ ಹೂ ಏರಿಸುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಪೂಜಾರಿ ಮೇಡಂ ಮುಖ ನೋಡಿ, "ಹುಡುಗೀರ ಸಂಬಂಧದ ಮಾತೇನ್ರಿ?" ಎಂದ.

"ಅಲ್ಲರಿ. ಎರಡು ಸಾಫ್ಟ್‌ವೇರ್ ಅದಾವ, ಯಾವುದನ್ನ ಹಿಡೀಬೇಕು ಅಂತ."

"ಎರಡೂ ಕಡೆಯವರು ಛಲೋ ಮಂದಿನೇನು?"

ಗೆಳತಿ ಸೆರಗು ಬಾಯಿಗೆ ತುರುಕಿಕೊಂಡಳು. ಮೇಡಂ ಗಂಭೀರವಾಗಿ, ಎರಡೂ ಕಡೆಯವರು ಛಲೋನೇ ಎಂದರು. ಪೂಜಾರಿ ಹೂ ಏರಿಸಿದ. ಕಾದೆವು. ಹೂ ಅಲುಗಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯಿತು.

"ಎರಡು ಮಾತು ಒಟ್ಟಿಗೆ ಕೇಳಿದ್ರ ಅಮ್ಮ ಯಾವುದಕ್ಕ ಅಂತ ಹೂ ಕೊಡ್ಲಿರಿ? ಒಂದು ಕೇಳ್ರಿ" ಎಂದ ಪೂಜಾರಿ.

ಮೇಡಂ ಕಣ್ಣು ಮುಚ್ಚಿದರು. ಈ ಸಲ ಹೂ ಬಲಕ್ಕೆ ಜಾರಿತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.

ತಿರುಗಿ ಬರುವಾಗ ಗೆಳತಿ ತಡೆಯಲಾರದೆ, "ಯಾವುದಂತರಿ ಮೇಡಂ, ಅಂಗಳಾನೋ ಅಡಿಗಿಮನಿನೋ?" ಎಂದಳು.

"ಅದನ್ನ ನಾ ಕೇಳಲಿಲ್ಲವ್ವ."

"ಮತ್ತ?"

"ಕ್ಲಾಸ್ ಉಳೀತೈತೇನು ಅಂತ ಕೇಳ್ದೆ."



ಹೀಗಾಗಿ ಸಾಫ್ಟ್‌ವೇರಿನ ಪ್ರಶ್ನೆ ಹೇಗಿತ್ತೋ ಹಾಗೇ ಉಳಿಯಿತು. ಮೇಡಂ ನೆಟ್ ಇದ್ದ ದಿನ ಒಂದನ್ನು, ಇಲ್ಲದ ದಿನ ಇನ್ನೊಂದನ್ನು ಕಲಿಸಿದರು. ಇದರಲ್ಲಿ ಒತ್ತಬೇಕಾದ ಕೀಲಿಯನ್ನು ಅದರಲ್ಲಿ ಒತ್ತಿ ನಾವು ಅರ್ಧ ದಿನದ ಕೆಲಸ ಅಳಿಸಿಕೊಂಡದ್ದುಂಟು. "ನನಗೂ ಹಂಗ ಆಗತೈತಿ, ಮತ್ತ ಮಾಡ್ರಿ" ಎನ್ನುತ್ತಿದ್ದರು. ಆದರೂ ಹುಡುಗಿಯರು ಬಂದರು. ಕಾರಟಗಿಯಿಂದ ಸಹ ಬರತೊಡಗಿದರು. ಕ್ಲಾಸು ಉಳಿಯಿತು. ನನಗೆ ಕೊಪ್ಪಳದಲ್ಲಿ ಈ ಕೆಲಸವೇ ಸಿಕ್ಕಿತು. ಗೆಳತಿ ಮೇಡಂ ಕೈಕೆಳಗೆ ಕಲಿಸುತ್ತ ಅಲ್ಲೇ ಉಳಿದಳು.

ಹೋದ ವರ್ಷ ಮಳೆಗಾಲದ ಹೊತ್ತಿಗೆ ಮೇಡಂಗೆ ಜ್ವರ ಬಂತು. ಸಾದಾ ಜ್ವರ ಎಂದುಕೊಂಡಿದ್ದರು, ನಾವೂ ಹಾಗೇ ಅಂದುಕೊಂಡಿದ್ದೆವು. ಸಾದಾ ಆಗಿರಲಿಲ್ಲ. ನಾನು ನೋಡಲು ಹೋಗುವಷ್ಟರಲ್ಲಿ ಮೇಡಂ ತೀರಿಕೊಂಡು, ಅವರ ಮನೆಯ ಅಂಗಳದಲ್ಲಿ ಮಂದಿ ಸೇರಿತ್ತು.

ಆಮೇಲೆ ಗೆಳತಿ ಒಬ್ಬಳೇ ಕೆಲವು ತಿಂಗಳು ಕ್ಲಾಸು ನಡೆಸಿದಳು, ಭಾನುವಾರ ನಾನೂ ಹೋಗುತ್ತಿದ್ದೆ. ಹೊಸ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಅವರನ್ನು ಹಿಡಿದಿಟ್ಟುಕೊಂಡಿದ್ದು ಎರಡು ಸಾಫ್ಟ್‌ವೇರಿನಲ್ಲಿ ಯಾವುದೂ ಅಲ್ಲ ಎಂದು ನಮಗೆ ಆಗ ತಿಳಿಯಿತು. ದಸರೆ ಕಳೆದ ಮೇಲೆ ನಾವಿಬ್ಬರೂ ಮೆಷಿನ್‌ಗಳನ್ನು ಕೆಳಗಿಳಿಸಿ ಮೇಡಂ ಮನೆಗೆ ಒಪ್ಪಿಸಿ ಬಂದೆವು. ಆ ಕೋಣೆಯಲ್ಲಿ ಈಗ ಹೊಲಿಗೆ ಕಲಿಸುತ್ತಾರೆ.